ಬೀಳದೆ ಹೋದ ಏಟು

ನನ್ನ ದೊಡ್ಡಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಇನ್ನೊಬ್ಬರ ಮೇಲೆ ಕೈ ಮಾಡಿದ್ದಾಳೆ. ಮನೆಯಲ್ಲಿ ಜಿರಳೆ ಕಂಡರೆ ಅವಳು ಪೊರಕೆ ತರುವವಳಲ್ಲ, ಕಾಗದ ತರುವವಳು. ಅದನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು, "ಇನ್ನೊಂದ್ಸಲ ಬಾ, ಆಗ ಇದೆ ನಿನಗೆ" ಎಂದು ಗದರಿಸಿ ಒಳಗೆ ಬರುತ್ತಾಳೆ. ಅಂಥವಳಿಗೆ ಲಾಂಡ್ರಿಯಲ್ಲಿ ಬಿದ್ದ ಹೆಸರು ಮೊದಲೇಟು. ಹೊಸದಾಗಿ ಸೇರಿದವರಿಗೆ ಕುಡಿಯುವ ನೀರು ಎಲ್ಲಿದೆ ಎಂದು ತೋರಿಸುವ ಮೊದಲೇ ಹಳಬರು ದೊಡ್ಡಮ್ಮನನ್ನು ತೋರಿಸುತ್ತಾರೆ. "ಅವರೇ ನೋಡು. ಬಾಯ್ಲರಣ್ಣ ಹೊಡೆಯೋಕೆ ಬಂದಾಗ, ಅವನ ಕೈ ಕೆಳಗಿಳಿಯೋ ಮೊದಲೇ ಅವನ ಮೂಳೆ ಮುರಿದವರು." ಈ ಮಾತು ಕಿವಿಗೆ ಬಿದ್ದರೆ ದೊಡ್ಡಮ್ಮನ ಮುಖ ಗಂಟಿಕ್ಕುತ್ತದೆ. ಜನ ಅದನ್ನು ದೊಡ್ಡವರ ವಿನಯ ಅಂದುಕೊಳ್ಳುತ್ತಾರೆ.

ನಾನು ಅವಳ ತಂಗಿಯ ಮಗಳು. ಅದೇ ಲಾಂಡ್ರಿಯ ಮುಂದಿನ ಕೌಂಟರಿನಲ್ಲಿ ಕೂತು, ಹೊರಗಿನಿಂದ ಬಂದ ಗಂಟುಗಳನ್ನು ಬಿಚ್ಚಿ ವಿಂಗಡಿಸುತ್ತೇನೆ. ದಿನವಿಡೀ ಬೇರೆಯವರ ಹಾಸಿಗೆಯ ಬಟ್ಟೆ ನೋಡುವವಳಿಗೆ ಬೇರೆಯವರ ವಿಷಯದಲ್ಲಿ ಮೂಗು ತೂರಿಸಬೇಡ ಅಂದರೆ ಹೇಗೆ? ಆ ಏಟಿನ ವಿಷಯದಲ್ಲಿ ನಾನು ತೂರಿಸಿದ ಮೂಗು ಒಂಬತ್ತು ವರ್ಷವಾದರೂ ಆಚೆ ಬಂದಿಲ್ಲ.

ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಮೂರು ಹೋಟೆಲು, ಎರಡು ಆಸ್ಪತ್ರೆಗಳ ಬಟ್ಟೆ ಬಂದು ಬೀಳುವ ದೊಡ್ಡ ಶೆಡ್ಡು. ಒಂದು ಕೊನೆಯಲ್ಲಿ ಆಳೆತ್ತರದ ಒಗೆಯುವ ಯಂತ್ರಗಳು, ನಡುವೆ ಸ್ಟೀಮಿನಿಂದ ಕಾಯುವ ಉದ್ದನೆಯ ರೋಲರ್ ಇಸ್ತ್ರಿ, ಇನ್ನೊಂದು ಕೊನೆಯಲ್ಲಿ ಬಟ್ಟೆ ಮಡಿಸುವ ಮೇಜು. ಗೋಡೆಯಾಚೆ ಬಾಯ್ಲರು. ಅದು ಕೆಮ್ಮಿದರೆ ಇಡೀ ಶೆಡ್ಡಿಗೆ ನೆಗಡಿ.

ದೊಡ್ಡಮ್ಮ ಮಡಿಸುವ ಮೇಜಿನವಳು. ಹೋಟೆಲಿನ ಮೇಜಿನ ಬಟ್ಟೆಗಳು ಬಹಳ ಅಗಲ, ಒಬ್ಬರ ಕೈಗೆ ಒಗ್ಗುವುದಿಲ್ಲ. ಅದಕ್ಕೆ ಇಬ್ಬರು ಬೇಕು: ಒಬ್ಬರು ನಿಲ್ಲುವವರು, ಒಬ್ಬರು ನಡೆಯುವವರು. ರೋಲರಿನಿಂದ ಬಿಸಿಬಿಸಿಯಾಗಿ ಹೊರಬಂದ ಬಟ್ಟೆಯ ಎರಡು ತುದಿಗಳನ್ನು ನಡೆಯುವವರು ಎರಡು ಕೈಯಲ್ಲಿ ಹಿಡಿದು, ನೆಲಕ್ಕೆ ತಾಗದಂತೆ ತಲೆಗಿಂತ ಮೇಲೆತ್ತಿ, ನಿಂತವರ ಕಡೆಗೆ ಬರುತ್ತಾರೆ. ನಾಲ್ಕು ಹೆಜ್ಜೆಯ ದಾರಿ. ಅಷ್ಟು ಹೊತ್ತು ಇಬ್ಬರ ನಡುವೆ ಬಟ್ಟೆಯೇ ಗೋಡೆ. ಬರುವವರ ಬೆರಳು ಕಾಣುತ್ತದೆ, ಪಾದ ಕಾಣುತ್ತದೆ, ಮುಖ ಕಾಣುವುದಿಲ್ಲ. ಇನ್ನೊಂದು ನಿಯಮವಿದೆ. ಆ ಬಟ್ಟೆ ಮುಟ್ಟುವ ಮೊದಲು ಕೈಯಲ್ಲಿರುವ ಬಳೆ, ಉಂಗುರ, ವಾಚು ಎಲ್ಲ ತೆಗೆದಿಡಬೇಕು. ಒಂದು ನೂಲು ಸಿಕ್ಕಿಕೊಂಡರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ, ಹೋಟೆಲಿನವರು ವಾಪಸು ಕಳಿಸುತ್ತಾರೆ.

ಬಾಯ್ಲರು ನಡೆಸುತ್ತಿದ್ದ ಬಾಯ್ಲರಣ್ಣನಿಗೂ ವಾಚು ತೆಗೆದಿಡುವ ಅಭ್ಯಾಸವಿತ್ತು, ಬೇರೆ ಕಾರಣಕ್ಕೆ. ಮನುಷ್ಯ ಕೈ ಮುಂದು. ಮಾತಿನಲ್ಲಿ ಸೋಲುತ್ತಿದ್ದೇನೆ ಅನ್ನಿಸಿದ ಕೂಡಲೇ ಎಡಗೈಯ ವಾಚು ಬಿಚ್ಚಿ ಅಂಗಿಯ ಜೇಬಿಗೆ ಹಾಕುತ್ತಿದ್ದ, ಆಮೇಲೆ ಕೆನ್ನೆಗೆ ಬಾರಿಸುತ್ತಿದ್ದ. ಹೆಂಡತಿ ಕೊಡಿಸಿದ ವಾಚು, ಅದಕ್ಕೆ ಪೆಟ್ಟಾಗಬಾರದು. ಎದುರಿನವರ ಕೆನ್ನೆಗೆ ಏನಾದರೂ ಆಗಲಿ. ಹಾಗೆ ಮೂರು ಜನರಿಗೆ ಹೊಡೆದಿದ್ದ. ಮೂರನೆಯವಳು ರೋಲರಿನ ಹೆಂಗಸು. ತಿಂಗಳಿಡೀ ಅವಳ ಕಿವಿಯೊಳಗೆ ಸ್ಟೀಮ್ ಸೋರಿದ ಹಾಗೆ ಸದ್ದು ಬರುತ್ತಿತ್ತಂತೆ. ಮ್ಯಾನೇಜರು ಪ್ರತಿ ಸಲವೂ "ಇದೇ ಕೊನೆ" ಅನ್ನುತ್ತಿದ್ದರು. ಬಾಯ್ಲರು ನಡೆಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಆದ್ದರಿಂದ ಕೊನೆ ಬರುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಸ್ಟೀಮ್ ಸಾಲದೆ ಮೇಜಿನ ಬಟ್ಟೆಗಳು ರೋಲರಿನಿಂದ ಹಸಿಹಸಿಯಾಗಿಯೇ ಬಂದವು. ದೊಡ್ಡಮ್ಮ ಹೋಗಿ ಮ್ಯಾನೇಜರಿಗೆ ಹೇಳಿದಳು. ಮ್ಯಾನೇಜರು ಬಾಯ್ಲರಣ್ಣನನ್ನು ಎಲ್ಲರ ಎದುರು ನಿಲ್ಲಿಸಿಕೊಂಡು ನೀರಿಳಿಸಿದರು. ಅವನು ಸೀದಾ ದೊಡ್ಡಮ್ಮನ ಮೇಜಿಗೆ ಬಂದು, "ಚಾಡಿ ಹೇಳ್ತೀಯಾ? ಮಧ್ಯಾಹ್ನ ಬರ್ತೀನಿ, ಇರು" ಅಂದು ಹೋದ.

ಮಧ್ಯಾಹ್ನ ಬಂದ. ದೊಡ್ಡಮ್ಮನ ಜೊತೆಗಾರ್ತಿ ಅಂದು ರಜೆ. ಒಬ್ಬಳೇ ನಿಂತಿದ್ದಳು, ನಡೆಯುವವರಿಗಾಗಿ ಕಾಯುತ್ತಿದ್ದಳು. ಬಾಯ್ಲರಣ್ಣ ರೋಲರಿನ ಹತ್ತಿರ ನಿಂತು ಅವಳನ್ನೇ ನೋಡಿದ. ವಾಚು ಬಿಚ್ಚಿ ಜೇಬಿಗೆ ಹಾಕಿದ. ದೊಡ್ಡಮ್ಮನ ಕೈ ತಾನಾಗಿ ಪಕ್ಕದ ನೆನೆತೊಟ್ಟಿಗೆ ಹೋಯಿತು. ಬಿಸಿನೀರಿನಿಂದ ಬಟ್ಟೆ ಎತ್ತುವ ಮರದ ಕೋಲು ಅಲ್ಲಿತ್ತು. ಅವನು ಮೇಜಿನ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆತ್ತಿ ಹಿಡಿದು ಅವಳ ಕಡೆಗೆ ನಡೆದ. ಎರಡು ಹೆಜ್ಜೆ ಆಗಿತ್ತು. ದೊಡ್ಡಮ್ಮ ಬಟ್ಟೆಯ ಮೇಲೇ ಹೊಡೆದಳು. ಅವನ ಕತ್ತು ಹೆಗಲ ನಡುವಿನ ಮೂಳೆ ಮುರಿಯಿತು. ಬಿಳಿ ಬಟ್ಟೆ ಅವನ ತಲೆಯ ಮೇಲೆ ಬಿದ್ದು, ಅದರೊಳಗಿನಿಂದ "ಅಯ್ಯೋ" ಎಂಬ ಸಣ್ಣ ದನಿ ಬಂತಂತೆ. ಮಗುವಿನ ದನಿಯ ಹಾಗಿತ್ತು ಎಂದು ದೊಡ್ಡಮ್ಮ ಒಮ್ಮೆ ಮಾತ್ರ ನನ್ನ ಹತ್ತಿರ ಹೇಳಿದ್ದಾಳೆ.

ವಿಚಾರಣೆಯಲ್ಲಿ ಗೊತ್ತಾದ ವಿಷಯ ಇಷ್ಟು. ಅವನನ್ನು ಅಲ್ಲಿಗೆ ಕಳಿಸಿದ್ದು ಮ್ಯಾನೇಜರೇ. "ನಿನ್ನಿಂದ ಕೆಲಸ ಹಿಂದೆ ಬಿದ್ದಿದೆ, ಹೋಗಿ ಮಡಿಸೋಕೆ ಕೈ ಹಚ್ಚು" ಅಂದಿದ್ದರು. ದೊಡ್ಡಮ್ಮನಿಗೆ ಯಾರೂ ಹೇಳಿರಲಿಲ್ಲ. ಹಾಗಾದರೆ ವಾಚು ಬಿಚ್ಚಿದ್ದು ಮಡಿಸುವುದಕ್ಕೆ. ಆದರೆ "ಮಧ್ಯಾಹ್ನ ಬರ್ತೀನಿ, ಇರು" ಅಂದದ್ದೂ ಅವನೇ, ಅದನ್ನು ಐದು ಜನ ಕೇಳಿದ್ದರು. ಹಾಗಾದರೆ ವಾಚು ಬಿಚ್ಚಿದ್ದು ಹೊಡೆಯುವುದಕ್ಕೆ. ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಬಂದು, ಅವನು ಹೊಡೆಯೋಕೇ ಬಂದಿದ್ದ, ನಾವು ಕಣ್ಣಾರೆ ಕಂಡಿದ್ದೇವೆ ಅಂದರು. ಬಾಯ್ಲರಣ್ಣನನ್ನು ಮೂರು ಸಲ ಕೇಳಿದರು. ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ತಪ್ಪಿದೆ, ಅದಕ್ಕೇ ಸುಮ್ಮನಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು. ದೊಡ್ಡಮ್ಮನನ್ನು ಎರಡು ವಾರ ಮನೆಗೆ ಕಳಿಸಿ ಮತ್ತೆ ಕೆಲಸಕ್ಕೆ ಕರೆದರು. ಅವನ ಬಲಗೈ ಹೆಗಲಿಗಿಂತ ಮೇಲೇಳದಾಯಿತು. ಬಾಯ್ಲರಿನ ಕೆಲಸ ಹೋಗಿ ಗೇಟಿನ ಕೆಲಸ ಬಂತು. ಹೆಸರು ಮಾತ್ರ ಬಾಯ್ಲರಣ್ಣ ಎಂದೇ ಉಳಿಯಿತು. ಅಲ್ಲಿಂದೀಚೆಗೆ ಅವನು ಯಾರಿಗೂ ಹೊಡೆದಿಲ್ಲ.

ಜನ ಇದನ್ನೇ ಎತ್ತಿ ತೋರಿಸುತ್ತಾರೆ. ಹೊಡೆದದ್ದಕ್ಕೇ ಅವನ ಸೊಕ್ಕು ಇಳಿಯಿತು ನೋಡು, ಅನ್ನುತ್ತಾರೆ. ನನಗೆ ಇದು ಯಾಕೋ ಗಂಟಲಲ್ಲಿ ಇಳಿಯುವುದಿಲ್ಲ. ಆಮೇಲೆ ಬಂದ ಒಳ್ಳೆಯದು ಮೊದಲಿನದನ್ನು ಸರಿ ಮಾಡಿಬಿಡುತ್ತದೆಯೇ? ಹಾಗೆಂದು ಕಾಯಬೇಕಿತ್ತು ಅನ್ನೋಣವೇ? ಮ್ಯಾನೇಜರು ಅಂದು ಅದನ್ನೇ ಹೇಳಿದ್ದರು: "ಒಂದು ಏಟು ಬಿದ್ದ ಮೇಲೆ ಕೈ ಎತ್ತಿದ್ರೆ ನಾನೇ ನಿಮ್ಮ ಪರ ನಿಲ್ತಿದ್ದೆ." ದೊಡ್ಡಮ್ಮ ಅದಕ್ಕೆ, "ಏಟು ನನ್ನ ಕಿವಿಗೆ ಬೀಳಬೇಕಿತ್ತು, ನಿಮ್ಮ ಕಿವಿಗಲ್ಲ" ಅಂದಿದ್ದಳಂತೆ. ಆ ರೋಲರಿನವಳನ್ನು ಕಂಡವರು ಯಾರೂ ಕಾಯಿರಿ ಎಂದು ಸಲೀಸಾಗಿ ಹೇಳಲಾರರು.

ಒಂದು ಭಾನುವಾರ ನಾನು ಮನೆಯಲ್ಲಿ ಇದನ್ನು ಪರೀಕ್ಷೆ ಮಾಡಿಯೇಬಿಟ್ಟೆ. ಗಂಡನ ಕೈಗೆ ಬೆಡ್‌ಶೀಟು ಕೊಟ್ಟು, ತಲೆಯ ಮೇಲೆ ಎತ್ತಿ ಹಿಡಿದು ನನ್ನ ಕಡೆ ನಾಲ್ಕು ಹೆಜ್ಜೆ ಬನ್ನಿ ಅಂದೆ. ಅವರು ಮೊದಲ ಸಲ ಸ್ಟೂಲಿಗೆ ಎಡವಿದರು. ಎರಡನೆಯ ಸಲ, "ಇದೆಲ್ಲ ಆದ್ಮೇಲೆ ಇದನ್ನ ಮಡಿಸೋರು ಯಾರು?" ಎಂದು ಒಳಗಿನಿಂದ ಕೇಳಿದರು. ಮೂರನೆಯ ಸಲ ಸರಿಯಾಗಿ ಬಂದರು. ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಅಷ್ಟರಲ್ಲಿ ನಾನು ಪಕ್ಕಕ್ಕೆ ಸರಿದು ನಿಂತುಬಿಟ್ಟಿದ್ದೆ. ಹೊಡೆಯಬೇಕಾದ ಅಗತ್ಯವೇ ಇರಲಿಲ್ಲ, ದೊಡ್ಡ ಸಂಶೋಧನೆ ಮಾಡಿದವಳ ಹಾಗೆ ಉಬ್ಬಿಹೋದೆ.

ಮರುದಿನ ಊಟದ ಹೊತ್ತಿನಲ್ಲಿ ದೊಡ್ಡಮ್ಮನಿಗೆ ಹೇಳಿದೆ. "ದೊಡ್ಡಮ್ಮ, ನೀನು ಸರೀಬಹುದಿತ್ತು. ಜಾಗ ಇತ್ತು, ಹೊತ್ತೂ ಇತ್ತು."

ಅವಳು ಡಬ್ಬಿಯ ಮುಚ್ಚಳ ಹಾಕಿ, "ನಿನ್ನ ಗಂಡ ನಿನಗೆ ಹೊಡೀತಾರೆ ಅಂತ ನಿನಗೆ ಹೆದರಿಕೆ ಇತ್ತಾ?" ಅಂದಳು.

"ಅವರಾ? ಅವರಿಗೇ ನನ್ನ ಕಂಡ್ರೆ ಹೆದರಿಕೆ."

"ಹಾಗಾದ್ರೆ ನೀನು ಹೆಜ್ಜೆ ಅಳೆದಿದ್ದೀಯ. ಹೆದರಿಕೆ ಅಳೆದಿಲ್ಲ." ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಜಾಗ ಇತ್ತು ಅನ್ನೋದು ನನಗೂ ಗೊತ್ತು. ಸರೀಬೇಕು ಅಂತ ಹೊಳೀಲೇ ಇಲ್ಲ" ಎಂದಳು. ಅಂದು ಅವಳು ಊಟ ಮುಗಿಸಲಿಲ್ಲ. ನನ್ನ ಸಂಶೋಧನೆಯ ಮೇಲೆ ನನಗೇ ನಾಚಿಕೆಯಾಯಿತು. ಒಂಬತ್ತು ವರ್ಷದಿಂದ ಅವಳ ಹೊಟ್ಟೆಯೊಳಗೆ ಒಂದು ಪ್ರಶ್ನೆ ಕೂತಿದೆ, ಅವನು ಹೊಡೆಯುತ್ತಿದ್ದನೋ ಇಲ್ಲವೋ ಎಂದು ತಿಳಿಯದೆ ಅವಳಿಗೆ ನೆಮ್ಮದಿಯಿಲ್ಲ ಎಂಬುದು ನನಗೆ ಅಂದೇ ಗೊತ್ತಾದದ್ದು.

ಅದನ್ನು ಹೇಳಬಲ್ಲವನು ಒಬ್ಬನೇ. ದಿನಾ ಬೆಳಿಗ್ಗೆ ಅವನ ಗೇಟಿನಿಂದಲೇ ಒಳಗೆ ಬರುತ್ತಾಳೆ, ಸಂಜೆ ಅದೇ ಗೇಟಿನಿಂದ ಹೊರಗೆ ಹೋಗುತ್ತಾಳೆ. ಅವನು ಎಡಗೈಯಲ್ಲಿ ಗೇಟು ತೆಗೆಯುತ್ತಾನೆ, ಇವಳು ನೆಲ ನೋಡಿಕೊಂಡು ದಾಟುತ್ತಾಳೆ. ಕೇಳಿಬಿಡು ಎಂದು ನಾನು ಎಷ್ಟೋ ಸಲ ಚುಚ್ಚಿದ್ದೆ. "ಮಡಿಸೋಕೆ ಬಂದಿದ್ದೆ ಅಂದುಬಿಟ್ರೆ?" ಎಂದು ಅವಳು ನನ್ನನ್ನೇ ಕೇಳುತ್ತಿದ್ದಳು.

ಹೀಗೇ ಇರುತ್ತಿತ್ತೇನೋ. ಹೋದ ತಿಂಗಳು ಹೊಲಿಗೆಯವಳು ವ್ಯಾನಿನವನಿಗೆ ಹೊಡೆದಳು.

ಹೊಲಿಗೆಯವಳು ಅಂದರೆ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕುವವಳು. ಸೇರಿ ವರ್ಷವಾಗಿತ್ತು. ಗಂಡ ಬಿಟ್ಟುಹೋಗಿದ್ದ, ತಾಯಿ, ಇಬ್ಬರು ಮಕ್ಕಳು, ನಾಲ್ಕು ಹೊಟ್ಟೆಗೆ ಅವಳೊಬ್ಬಳದೇ ದುಡಿಮೆ. ಅವಳ ಮಷೀನು ಮಡಿಸುವ ಮೇಜಿನ ಎದುರಿನ ಮೂಲೆಯಲ್ಲಿದೆ, ಎರಡು ಕಡೆಯೂ ಗೋಡೆ. ಅಂದು ಆಸ್ಪತ್ರೆಯ ಗಂಟೊಂದನ್ನು ಇನ್ನೂ ತೇಪೆ ಆಗಿಲ್ಲವೆಂದು ತಡೆದಿಟ್ಟಿದ್ದಳು. ಅದನ್ನು ಒಯ್ಯಲು ಬಂದ ವ್ಯಾನಿನವನಿಗೆ ಹೊತ್ತಾಯಿತು. ಅವನು ಬಾಯಿಗೆ ಬಂದ ಹಾಗೆ ಬೈಯುತ್ತ ದಡದಡನೆ ಒಳಗೆ ಬಂದ, ಒಂದು ಕೈ ಮೇಲಿತ್ತು. ಅವಳು ಮರದ ಅಳತೆಗೋಲು ಎತ್ತಿ ಅವನ ಹಣೆಗೆ ಬಾರಿಸಿದಳು. ಹುಬ್ಬು ಒಡೆದು ಮೂರು ಹೊಲಿಗೆ ಬಿತ್ತು. ನೋಡಿದವಳು ದೊಡ್ಡಮ್ಮ ಒಬ್ಬಳೇ.

ಗಲಾಟೆ ಕೇಳಿ ನಾನು ಕೌಂಟರು ಬಿಟ್ಟು ಓಡಿದೆ. ಹೊಲಿಗೆಯವಳು ಅಳತೆಗೋಲು ಇನ್ನೂ ಕೆಳಗಿಟ್ಟಿರಲಿಲ್ಲ, ಮುಖದಲ್ಲಿ ಒಂದು ಬಗೆಯ ಹೆಮ್ಮೆ. ದೊಡ್ಡಮ್ಮನನ್ನು ನೋಡಿ, "ನೀವು ಅವತ್ತು ಹೊಡೆದ ಹಾಗೇ ಹೊಡೆದೆ, ದೊಡ್ಡಮ್ಮ" ಅಂದಳು. ದೊಡ್ಡಮ್ಮ ಅಲ್ಲಿದ್ದ ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು.

ಮ್ಯಾನೇಜರು ಶುಕ್ರವಾರಕ್ಕೆ ವಿಚಾರಣೆ ಇಟ್ಟರು. ದೊಡ್ಡಮ್ಮನನ್ನು ಕರೆದು ಬೆಣ್ಣೆಯಂಥ ದನಿಯಲ್ಲಿ, "ನೀವೇ ಕಣ್ಣಾರೆ ಕಂಡವರು, ಈ ವಿಷಯದಲ್ಲಿ ಅನುಭವ ಇರೋರು. ಅವನು ಹೊಡೀತಿದ್ದ ಅಂತ ನೀವು ಹೇಳಿದ್ರೆ ಅವಳು ಇರ್ತಾಳೆ. ಇಲ್ಲ ಅಂದ್ರೆ ಅವಳನ್ನ ತೆಗೀಲೇಬೇಕಾಗುತ್ತೆ" ಅಂದರು. ತಮ್ಮ ತಲೆಯ ಭಾರವನ್ನು ಇಷ್ಟು ನಾಜೂಕಾಗಿ ಇನ್ನೊಬ್ಬರ ತಲೆಗೆ ಇಳಿಸುವುದು ಹೇಗೆಂದು ಅವರಿಂದ ಕಲಿಯಬೇಕು.

ಎರಡು ದಿನ ಇಡೀ ಶೆಡ್ಡು ದೊಡ್ಡಮ್ಮನ ಹಿಂದೆ ಬಿತ್ತು. ಹೌದು ಅಂದುಬಿಡಿ, ಒಂದು ಮಾತು, ನಿಮ್ಮ ಗಂಟೇನು ಹೋಗುತ್ತೆ? ನನಗೂ ಹಾಗೆಯೇ ಅನ್ನಿಸಿತ್ತು. ನಾಲ್ಕು ಜನರ ಊಟದ ಪ್ರಶ್ನೆ, ವ್ಯಾನಿನವನೇನೂ ಹಾಲಿನಂಥ ಮನುಷ್ಯನಲ್ಲ. ಗುರುವಾರ ಮಧ್ಯಾಹ್ನ ದೊಡ್ಡಮ್ಮ ನನ್ನ ಕೌಂಟರಿಗೆ ಬಂದಳು.

"ಗೇಟಿಗೆ ಹೋಗ್ತಿದ್ದೀನಿ. ನೀನೂ ಬಾ."

"ನಾನು ಯಾಕೆ?"

"ಹೇಗಿದ್ರೂ ಗೋಡೆ ಹಿಂದೆ ನಿಂತು ಕೇಳ್ತೀಯ. ಅದಕ್ಕಿಂತ ಪಕ್ಕದಲ್ಲೇ ನಿಂತು ಕೇಳು."

ಬಾಯ್ಲರಣ್ಣ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದ. ನಮ್ಮನ್ನು ಕಂಡು ಲೋಟ ಕೆಳಗಿಟ್ಟ. ಕೂದಲು ಪೂರ್ತಿ ಬೆಳ್ಳಗಾಗಿದೆ ಎಂದು ನಾನು ಅಂದೇ ಗಮನಿಸಿದ್ದು. ಹಿಂದೆ ಅವರಿಬ್ಬರೂ ಜಗಳದಲ್ಲಿ ನೀನು ಎನ್ನುತ್ತಿದ್ದವರು. ಒಂಬತ್ತು ವರ್ಷ ಮಾತಿಲ್ಲದೆ ಇಬ್ಬರೂ ನೀವು ಆಗಿದ್ದರು.

"ಅಣ್ಣ, ನಿಮ್ಮನ್ನ ಒಂದು ಮಾತು ಕೇಳಬೇಕು" ಅಂದಳು ದೊಡ್ಡಮ್ಮ. "ಅವತ್ತು ನೀವು ಹೊಡೆಯೋಕೆ ಬಂದಿದ್ರಾ, ಮಡಿಸೋಕೆ ಬಂದಿದ್ರಾ?"

"ನಾಳೆ ವಿಚಾರಣೆ ಅಲ್ವಾ?" ಅಂದ. "ನಿಮಗೆ ಯಾವ ಉತ್ತರ ಬೇಕು ಹೇಳಿ, ಅದನ್ನೇ ಕೊಡ್ತೀನಿ. ನನಗೀಗ ಎರಡೂ ಒಂದೇ."

"ನನಗೆ ಬೇಕಾದ್ದು ಬೇಡ. ನಡೆದದ್ದು ಹೇಳಿ."

"ನಡೆದದ್ದಾ?" ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ದೊಡ್ಡಮ್ಮ ಕೂರಲಿಲ್ಲ. "ಬೆಳಿಗ್ಗೆಯಿಂದ ನಿಮ್ಮ ಮೇಲೆ ಕುದೀತಾ ಇದ್ದೆ. ಮ್ಯಾನೇಜರು ಹೋಗಿ ಮಡಿಸು ಅಂದಾಗ, ಒಳ್ಳೇದೇ ಆಯ್ತು, ಒಂದು ಬಿಟ್ಟೇ ಬರೋಣ ಅಂದ್ಕೊಂಡು ಬಂದೆ. ವಾಚು ಬಿಚ್ಚಿದೆ. ಯಾವುದಕ್ಕೆ ಬಿಚ್ಚಿದೆ ಅಂದ್ರೆ ಏನು ಹೇಳಲಿ? ಎರಡಕ್ಕೂ ಬಿಚ್ಚಲೇಬೇಕಿತ್ತು. ಬಟ್ಟೆ ಎತ್ತಿದೆ. ಬಿಸಿ ಇತ್ತು. ಒಂದು ಹೆಜ್ಜೆ ಇಟ್ಟೆ, ಎರಡು ಇಟ್ಟೆ."

"ಹೊಡೀತಿದ್ರಿ ಹಾಗಾದ್ರೆ" ಅಂದೆ ನಾನು. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ.

ಅವನು ನನ್ನ ಕಡೆ ನೋಡಲಿಲ್ಲ, ಅವಳಿಗೇ ಹೇಳಿದ. "ನಾನು ಮೂರು ಜನಕ್ಕೆ ಹೊಡೆದದ್ದು ಎಲ್ಲರಿಗೂ ನೆನಪಿದೆ. ಹೊಡೀಬೇಕು ಅಂತ ಹೋಗಿ ಕೊನೇ ಗಳಿಗೆಯಲ್ಲಿ ಕೈ ಇಳಿಸಿದ್ದು ಎಷ್ಟು ಸಲವೋ, ಅದು ಯಾರಿಗೂ ಗೊತ್ತಿಲ್ಲ. ಅದು ಕಣ್ಣಿಗೆ ಕಾಣೋ ವಿಷಯ ಅಲ್ಲವಲ್ಲ. ಅವತ್ತು ಯಾವುದಾಗ್ತಿತ್ತೋ ನನಗೆ ಗೊತ್ತಿಲ್ಲ, ಅಮ್ಮ. ನಿಜವಾಗಿ ಗೊತ್ತಿಲ್ಲ. ಇನ್ನೂ ಎರಡು ಹೆಜ್ಜೆ ಇತ್ತು. ಅಷ್ಟರಲ್ಲಿ ನಾನು ಎಂಥವನು ಅಂತ ನನಗೇ ಗೊತ್ತಾಗಿಬಿಡ್ತಿತ್ತು. ಅದಕ್ಕೆ ನೀವು ಬಿಡಲಿಲ್ಲ."

"ಬಿಟ್ಟಿದ್ರೆ ನನ್ನ ಕಿವಿ ಹೋಗ್ತಿತ್ತೇನೋ."

"ಹೋಗ್ತಿತ್ತೇನೋ. ಅದಕ್ಕೇ ವಿಚಾರಣೆಯಲ್ಲಿ ಬಾಯಿ ಬಿಡಲಿಲ್ಲ. ಹೊಡೆಯೋಕೆ ಬರಲಿಲ್ಲ ಅಂದ್ರೆ ಸುಳ್ಳು. ಹೊಡೀತಿದ್ದೆ ಅಂದ್ರೂ ಸುಳ್ಳು. ಮೂರನೇದು ಹೇಳಿದ್ರೆ ಯಾರು ನಂಬ್ತಾರೆ?"

ಒಂದು ವ್ಯಾನು ಬಂದು ಹಾರನ್ ಮಾಡಿತು. ಅವನು ಎದ್ದು ಗೇಟು ತೆಗೆದು, ಹಾಕಿ, ಮತ್ತೆ ಬಂದು ಕೂತ. ಅಷ್ಟರಲ್ಲಿ ದೊಡ್ಡಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು.

"ತಪ್ಪಾಯ್ತು ಅಂತ ನಾನು ಹೇಳಲ್ಲ" ಅಂದಳು. "ಆ ಹೊತ್ತಿಗೆ ನನಗೆ ಬೇರೇನೂ ತೋಚಲಿಲ್ಲ."

"ಹೇಳಬೇಡಿ. ಆ ಮೂರು ಜನಕ್ಕೆ ನಾನೂ ಹೇಳಿಲ್ಲ."

"ಆದ್ರೆ ನಿಮ್ಮನ್ನ ಆಗಲೇ ಕೇಳಬೇಕಿತ್ತು."

"ಕೇಳಿದ್ರೆ ಹೇಳ್ತಿದ್ದೆ" ಅಂದ ಅವನು. "ನೀವು ಆಸ್ಪತ್ರೆಗೆ ಬರ್ತೀರೇನೋ ಅಂತ ಎರಡು ದಿನ ಬಾಗಿಲು ನೋಡಿದ್ದೆ. ಬೈಯೋಕಾದ್ರೂ."

ದೊಡ್ಡಮ್ಮನ ಕಣ್ಣು ತುಂಬಿತು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. ನನಗೂ ಅಳು ಬಂತು; ಯಾರ ಪರವಾಗಿ ಅಳುತ್ತಿದ್ದೇನೆಂದು ಗೊತ್ತಾಗಲಿಲ್ಲ.

ಶುಕ್ರವಾರ ಮ್ಯಾನೇಜರ ಕೋಣೆಯಲ್ಲಿ ನಾವು ಐದು ಜನ. ನಾನು ಬರೆದುಕೊಳ್ಳುವವಳು ಎಂಬ ನೆಪದಲ್ಲಿ ನುಸುಳಿದ್ದೆ. ವ್ಯಾನಿನವನು ಹಣೆಗೆ ಪಟ್ಟಿ ಅಂಟಿಸಿಕೊಂಡು ಒಂದು ಕುರ್ಚಿಯಲ್ಲಿ, ಹೊಲಿಗೆಯವಳು ಸೆರಗಿನ ತುದಿ ತಿರುಚುತ್ತ ಇನ್ನೊಂದರಲ್ಲಿ. ಮ್ಯಾನೇಜರು ಸೀದಾ ವಿಷಯಕ್ಕೆ ಬಂದರು. "ಅವನು ಹೊಡೀತಿದ್ನಾ, ಇಲ್ವಾ?"

"ಗೊತ್ತಿಲ್ಲ" ಅಂದಳು ದೊಡ್ಡಮ್ಮ.

ಹೊಲಿಗೆಯವಳು ತಲೆಯೆತ್ತಿ ಅವಳನ್ನು ನೋಡಿದ ನೋಟ ನಾನು ಇನ್ನೂ ಮರೆತಿಲ್ಲ.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ" ಅಂದರು ಮ್ಯಾನೇಜರು. "ಹೌದು ಅನ್ನಿ, ಇಲ್ಲ ಅನ್ನಿ."

"ಕಂಡದ್ದು ಹೇಳ್ತೀನಿ. ಬೈತಾ ಬಂದ. ಬೇಗ ಬಂದ. ಒಂದು ಕೈ ಮೇಲಿತ್ತು. ಇವಳ ಹಿಂದೆ ಗೋಡೆ, ಪಕ್ಕದಲ್ಲೂ ಗೋಡೆ. ಆ ಜಾಗದಲ್ಲಿ ನಾನಿದ್ರೂ ಹೆದರ್ತಿದ್ದೆ, ನೀವಿದ್ರೂ ಹೆದರ್ತಿದ್ರಿ. ಇಷ್ಟು ಕಂಡೆ. ಮುಂದಿನದು ನಡೆಯಲೇ ಇಲ್ಲ, ನಡೆಯದ್ದನ್ನ ಹೇಗೆ ನೋಡಲಿ?"

"ನಿಮ್ಮ ವಿಚಾರಣೆಯಲ್ಲಿ ಎಲ್ಲರೂ ಹೇಳಿದ್ರಲ್ಲ, ಹೊಡೀತಿದ್ದ ಅಂತ."

"ಹೇಳಿದ್ರು. ನಾನೂ ಕೇಳ್ಕೊಂಡು ಸುಮ್ಮನಿದ್ದೆ. ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ." ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಲಿಲ್ಲ. "ನನಗೆ ಪಕ್ಕಕ್ಕೆ ಸರಿಯೋಕೆ ಜಾಗ ಇತ್ತು. ಇವಳಿಗೆ ಅದೂ ಇರಲಿಲ್ಲ. ಇವಳನ್ನ ತೆಗೆಯೋದಾದ್ರೆ ಅದೇ ಕಾಗದದಲ್ಲಿ ನನ್ನ ಹೆಸರನ್ನೂ ಸೇರಿಸಿ. ನನ್ನನ್ನ ಇಟ್ಕೊಂಡಿದ್ದು ಸರಿ ಅಂದ್ರೆ ಇವಳನ್ನೂ ಇಟ್ಕೊಳ್ಳಿ. ಆದ್ರೆ ನನ್ನ ಬಾಯಲ್ಲಿ, ಅವನು ಹೊಡೀತಿದ್ದ ಅಂತ ಬರೆಸಬೇಡಿ."

ಮ್ಯಾನೇಜರು ಬಹಳ ಹೊತ್ತು ಪೆನ್ನು ತಿರುಗಿಸಿದರು. ಮಡಿಸುವ ಮೇಜಿನಲ್ಲಿ ಇಪ್ಪತ್ತಾರು ವರ್ಷ ಪಳಗಿದ ಕೈ ಕಳೆದುಕೊಳ್ಳುವುದು ಅವರಿಗೂ ಬೇಕಿರಲಿಲ್ಲ. ನ್ಯಾಯಕ್ಕಿಂತ ಅದೇ ಅವರ ಮನಸ್ಸು ತಿರುಗಿಸಿತು ಎಂದು ನನ್ನ ಅನುಮಾನ. ಕೊನೆಗೆ ಹೊಲಿಗೆಯವಳು ಎರಡು ವಾರ ಮನೆಯಲ್ಲಿರಲಿ, ಆಮೇಲೆ ಬರಲಿ, ವ್ಯಾನಿನವರು ಇನ್ನು ಮೇಲೆ ಗಂಟನ್ನು ಬಾಗಿಲಲ್ಲೇ ಇಳಿಸಲಿ, ಶೆಡ್ಡಿನೊಳಗೆ ಕಾಲಿಡುವುದು ಬೇಡ ಎಂದು ಬರೆಸಿದರು. ವ್ಯಾನಿನವನು ಏನೋ ಹೇಳಲು ಬಾಯಿ ತೆರೆದು, ಹೇಳದೆ ಎದ್ದು ಹೋದ.

ಹೊರಗೆ ಬಂದದ್ದೇ ಹೊಲಿಗೆಯವಳು ದೊಡ್ಡಮ್ಮನ ದಾರಿಗೆ ಅಡ್ಡ ನಿಂತಳು. ಕೆಲಸ ಉಳಿದ ಸಂತೋಷ ಅವಳ ಮುಖದಲ್ಲಿ ಇರಲಿಲ್ಲ.

"ಒಂದು ಮಾತು ಹೇಳಿದ್ರೆ ಆಗ್ತಿತ್ತು" ಅಂದಳು. "ನನ್ನ ತಪ್ಪಿಲ್ಲ ಅಂತಾಗಿಬಿಡ್ತಿತ್ತು. ನಿಮ್ಮನ್ನ ನಂಬಿದ್ದೆ ನಾನು."

"ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ ಅಂತ ಒಂಬತ್ತು ವರ್ಷ ಎಲ್ಲರೂ ನನಗೆ ಹೇಳಿದ್ದಾರೆ" ಅಂದಳು ದೊಡ್ಡಮ್ಮ. "ಒಂದು ದಿನಕ್ಕೂ ಅದು ನನ್ನ ಉಪಯೋಗಕ್ಕೆ ಬರಲಿಲ್ಲ, ಮಗಳೇ. ಅವನು ಇನ್ನೂ ವ್ಯಾನು ಹತ್ತಿಲ್ಲ. ಹೋಗಿ ಅವನನ್ನೇ ಕೇಳು."

"ಏನಂತ ಕೇಳಲಿ?"

"ಹೊಡೀತಿದ್ದೆಯಾ ಅಂತ. ಹೌದು ಅಂತಾನೋ, ಇಲ್ಲ ಅಂತಾನೋ, ಬೈತಾನೋ, ಏನಾದ್ರೂ ಅನ್ನಲಿ. ಇವತ್ತೇ ಕೇಳು. ನಾಳೆಯಾದ್ರೆ ಕಾಲು ಬರಲ್ಲ."

ಹೊಲಿಗೆಯವಳು ಹೋಗಲಿಲ್ಲ. ಅಲ್ಲೇ ನಿಂತಳು. ಅಂಗಳದಲ್ಲಿ ವ್ಯಾನಿನ ಎಂಜಿನ್ ಶುರುವಾದ ಸದ್ದು ಕೇಳಿಸಿತು. ಅವಳು ಒಮ್ಮೆ ದೊಡ್ಡಮ್ಮನ ಮುಖ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ವ್ಯಾನಿನ ಕಡೆಗೆ ಓಡಿದಳು.